ಕನ್ನಡದ ಮಗುವಿಗೆ ಫೋನಿಕ್ಸ್ ಬೇಡ, ಬರೆಯುವ ಜಾಗ ಬೇಕು

ಬೆಂಗಳೂರಿಗೆ ಬಂದಾಗಲೆಲ್ಲ ನೆಂಟರು, ಗೆಳೆಯರು ನನ್ನನ್ನು ಒಂದು ಪ್ರಶ್ನೆ ಕೇಳುತ್ತಾರೆ. “ಅಮೆರಿಕದಲ್ಲಿ ಮಕ್ಕಳಿಗೆ ಓದು ಬರಹ ಕಲಿಸೋಕೆ ಯಾವ ವೆಬ್‌ಸೈಟ್ ಬಳಸ್ತೀರಿ? ಕನ್ನಡಕ್ಕೂ ಅಂಥದ್ದು ಇದೆಯಾ?” ಕೇಳುವವರ ಮಕ್ಕಳು ಹೆಚ್ಚಾಗಿ ಇಂಗ್ಲಿಷ್ ಮೀಡಿಯಂನವರು. ಇಂಗ್ಲಿಷ್ ಕತೆಪುಸ್ತಕ ಸರಾಗವಾಗಿ ಓದುತ್ತಾರೆ. ಕನ್ನಡ ಪಾಠ ಬಂದರೆ ಅಕ್ಷರ ಅಕ್ಷರ ಕೂಡಿಸಿಕೊಂಡು ತಡವರಿಸುತ್ತಾರೆ. ಕನ್ನಡ ಕಲಿಕೆಗೆ 2015ರಲ್ಲಿ ಕಾಯ್ದೆ ಬಂದ ಮೇಲೆ ಯಾವ ಬೋರ್ಡಿನ ಶಾಲೆಯೂ ಕನ್ನಡವನ್ನು ಪೂರ್ತಿ ಬಿಡುವ ಹಾಗಿಲ್ಲ. ಹಾಗಾಗಿ ಅಪ್ಪ ಅಮ್ಮಂದಿರ ಚಿಂತೆ ನಿಜವಾದದ್ದೇ.

ನ್ಯೂಜೆರ್ಸಿಯಲ್ಲಿ ಮಕ್ಕಳನ್ನು ಬೆಳೆಸುತ್ತಾ ಅಲ್ಲಿನ ಓದಿನ ವ್ಯವಸ್ಥೆಯನ್ನು ಹತ್ತಿರದಿಂದ ನೋಡಿದ್ದೇನೆ. ಅಲ್ಲಿಂದ ಬೆಂಗಳೂರಿಗೆ ತರಬೇಕಾದ್ದು ಖಂಡಿತ ಇದೆ. ಆದರೆ ಇಲ್ಲಿ ಎಲ್ಲರೂ ಕೇಳುತ್ತಿರುವುದು ಫೋನಿಕ್ಸ್, ಅಂದರೆ ಯಾವ ಅಕ್ಷರಕ್ಕೆ ಯಾವ ದನಿ ಎಂದು ಕ್ರಮವಾಗಿ ಹೇಳಿಕೊಟ್ಟು ಓದಿಸುವ ಪದ್ಧತಿ. ಅದು ಕನ್ನಡಕ್ಕೆ ಬೇಕಿಲ್ಲ.

ಫೋನಿಕ್ಸ್ ಅಲ್ಲಿ ಯಾಕೆ ಬೇಕಾಯಿತು ಎಂದು ಮೊದಲು ನೋಡಬೇಕು. ಇಂಗ್ಲಿಷಿನಲ್ಲಿ ಇರುವುದು 26 ಅಕ್ಷರ. ಉಚ್ಚಾರಗಳು ಸುಮಾರು 44. ಒಂದೇ ಅಕ್ಷರ ಒಂದೊಂದು ಪದದಲ್ಲಿ ಒಂದೊಂದು ಥರ ನುಡಿಯುತ್ತದೆ. ಯಾವ ಅಕ್ಷರ ಎಲ್ಲಿ ಯಾವ ದನಿ ಎಂದು ಕ್ರಮವಾಗಿ ಹೇಳಿಕೊಡದಿದ್ದರೆ ಮಗು ಚಿತ್ರ ನೋಡಿ ಊಹೆ ಮಾಡಲು ಶುರು ಮಾಡುತ್ತದೆ. ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ ಎಂಬ ತಜ್ಞರ ಸಮಿತಿ 2000ನೇ ಇಸವಿಯಲ್ಲಿ ಕೊಟ್ಟ ವರದಿ, ಹೀಗೆ ಕ್ರಮವಾಗಿ ಕಲಿಸಿದರೆ ಒಳ್ಳೆಯದೆಂದು ಹೇಳಿತು. 2002ರಲ್ಲಿ ಸ್ಟಾರ್‌ಫಾಲ್ ಎಂಬ ಉಚಿತ ವೆಬ್‌ಸೈಟ್ ಬಂತು. ಅಕ್ಷರ ಒತ್ತಿದರೆ ದನಿ ಕೇಳುತ್ತದೆ, ದನಿ ಕೂಡಿಸಿದರೆ ಪದ, ಪದ ಕೂಡಿಸಿದರೆ ಪುಟ್ಟ ಕತೆ. ಇಂಗ್ಲಿಷಿಗೆ ಅದು ಸರಿಯಾದ ದಾರಿ.

ಕನ್ನಡದ ಕಷ್ಟ ಅದಲ್ಲ. ನಮ್ಮಲ್ಲಿ ‘ಕ’ ಎಲ್ಲಿ ಬಂದರೂ ‘ಕ’ ತಾನೇ? ನಮ್ಮ ಮಕ್ಕಳು ಎಡವುವುದು ಕಣ್ಣಿಗೆ ಕಾಣುವ ಆಕಾರಗಳ ಮುಂದೆ. ವರ್ಣಮಾಲೆಯಲ್ಲಿ 49 ಅಕ್ಷರ. 34 ವ್ಯಂಜನಗಳ ಕಾಗುಣಿತವೇ 400 ದಾಟುತ್ತದೆ. ಅದರ ಮೇಲೆ ಒತ್ತಕ್ಷರ. ಬಹುಪಾಲು ಒತ್ತುಗಳು ಮೂಲ ಅಕ್ಷರದ ಹಾಗೇ ಕಾಣುತ್ತವೆ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತು ನೋಡಿ. ಮೂಲ ಅಕ್ಷರದ ಗುರುತೇ ಸಿಗುವುದಿಲ್ಲ. ಮಗು ಆರೂ ಆಕಾರಗಳನ್ನು ಹೊಸದಾಗಿ ಕಲಿಯಬೇಕು. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಇದೆ. ಅಕ್ಷರ ಕಲಿಕೆ ಒಂದನೇ ತರಗತಿಗೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ನಡೆದೇ ಇರುತ್ತದೆ ಎಂದು ಅದು ತೋರಿಸಿತು. ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಗಾಬರಿ ಬೀಳುವ ಅಪ್ಪ ಅಮ್ಮಂದಿರಿಗೆ ಇದನ್ನು ಯಾರಾದರೂ ಹೇಳಬೇಕು. ಮಗು ಹಿಂದೆ ಬಿದ್ದಿಲ್ಲ. ಈ ಲಿಪಿಗೆ ಅಷ್ಟು ಸಮಯ ಬೇಕು.

ಇದಕ್ಕೆ ದಾರಿ ನಮ್ಮಲ್ಲೇ ಹುಟ್ಟಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯನ್ನು ನೆನಪಿಸಿಕೊಳ್ಳಿ. ಅಲ್ಲಿ ಅ, ಆ, ಇ, ಈ ಎಂದು ಹಾಡಿ ಶುರು ಮಾಡುವುದಿಲ್ಲ. ಮೊದಲು ಕಲಿಸುವುದು ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಸಾಕು. ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಶಾಲೆಗೆ ಸೇರಿದ ಹೊಸದರಲ್ಲೇ ಮಗು ಪೂರ್ತಿ ಪದ ಓದುತ್ತದೆ. ಇಷ್ಟು ಒಳ್ಳೆಯ ಯೋಚನೆ ಸರ್ಕಾರಿ ಶಾಲೆಯಲ್ಲಿ ಇರುವಾಗ, ಬೆಂಗಳೂರಿನ ಮನೆಗಳ ಟ್ಯಾಬ್‌ಗಳಲ್ಲಿ ಇನ್ನೂ ‘ಅ ಅರಸ, ಆ ಆನೆ’ ವೀಡಿಯೋಗಳೇ ಓಡುತ್ತಿವೆ. ಒಂದು ಮುಗಿದರೆ ಇನ್ನೊಂದು ತಾನಾಗಿ ಬರುತ್ತದೆ. ಮಗು ರಾಗ ಕಲಿಯುತ್ತದೆ. ಪದ ತೋರಿಸಿ ಓದು ಅಂದರೆ ಸುಮ್ಮನೆ ನಿಲ್ಲುತ್ತದೆ. ಹೊರನಾಡಿನಲ್ಲಿ ವಾರಾಂತ್ಯದ ಕನ್ನಡ ತರಗತಿ ನಡೆಸುವ ನಾವೂ ಇದೇ ವೀಡಿಯೋಗಳನ್ನೇ ನೆಚ್ಚಿಕೊಂಡಿದ್ದೇವೆ. ಬೆಂಗಳೂರಿನಲ್ಲಿ ಒಳ್ಳೆಯದು ತಯಾರಾದರೆ ನಮಗೂ ಅನುಕೂಲ.

ತಯಾರಾಗುತ್ತಿಲ್ಲ ಎಂದಲ್ಲ. ಓದಲು ಪುಸ್ತಕವೇ ಇಲ್ಲ ಎನ್ನುವ ದೂರನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ ಪ್ರಕಾಶನ 2015ರಲ್ಲಿ ಸ್ಟೋರಿವೀವರ್ ಎಂಬ ವೆಬ್‌ಸೈಟ್ ಶುರು ಮಾಡಿತು. ಚಿತ್ರಗಳಿರುವ ಮಕ್ಕಳ ಕತೆಗಳು, ಕನ್ನಡದಲ್ಲಿ, ಪೂರ್ತಿ ಉಚಿತ. ನಾಲ್ಕು ಮಟ್ಟಗಳಿವೆ. ಮೊದಲ ಮಟ್ಟದ್ದು ಕೆಲವೇ ಸಾಲಿನ ಕತೆ. ಇಳಿಸಿಕೊಳ್ಳಬಹುದು, ಪ್ರಿಂಟ್ ತೆಗೆದು ಹಂಚಬಹುದು, ಇನ್ನೊಂದು ಭಾಷೆಗೆ ಅನುವಾದ ಮಾಡಬಹುದು. ಅದಕ್ಕೆಲ್ಲ ಅನುಮತಿ ಮೊದಲೇ ಕೊಟ್ಟಿದ್ದಾರೆ. ಅಮೆರಿಕದಲ್ಲಿ ಮಕ್ಕಳ ಪುಸ್ತಕಗಳಿಗೆ ಇಷ್ಟು ಧಾರಾಳವಾದ ಜಾಗ ನಾನು ಕಂಡಿಲ್ಲ. ಅಲ್ಲಿನ ವೆಬ್‌ಸೈಟ್ ಸ್ಟೋರಿಲೈನ್ ಆನ್‌ಲೈನ್‌ನಲ್ಲಿ ಹೆಸರಾಂತ ನಟ ನಟಿಯರು ಮಕ್ಕಳ ಪುಸ್ತಕ ಓದಿ ಹೇಳುತ್ತಾರೆ. ತುಂಬ ಚೆನ್ನಾಗಿದೆ, ಹಣವೂ ಕೊಡಬೇಕಿಲ್ಲ. ಆದರೆ ಅದು ನೋಡುವುದಕ್ಕೆ ಮಾತ್ರ. ರಾಜ್ಯ ಪಠ್ಯಪುಸ್ತಕಗಳೂ ಜಾಲದಲ್ಲಿ ಸಿಗುತ್ತವೆ. ಪಾಠದ ಪಕ್ಕದ ಕ್ಯುಆರ್ ಕೋಡ್ ಹಿಡಿದರೆ ದೀಕ್ಷಾ ಎಂಬ ಸರ್ಕಾರಿ ಕಲಿಕಾ ಜಾಲತಾಣದಲ್ಲಿ ವೀಡಿಯೋ ತೆರೆದುಕೊಳ್ಳುತ್ತದೆ.

ಒಂದು ಕೊರತೆ ಹೇಳಲೇಬೇಕು. ಅನುವಾದವಾಗಿ ಬಂದ ಕತೆಗಳಲ್ಲಿ ಮೊದಲ ಮಟ್ಟದಲ್ಲೇ ದಪ್ಪ ಒತ್ತಕ್ಷರದ ಪದಗಳು ಬರುತ್ತವೆ. ಸಾಲು ಚಿಕ್ಕದಿದ್ದರೂ ಮಗುವಿಗೆ ಅದು ಬೆಟ್ಟ. ಹಾಗೆಂದು ಒತ್ತಕ್ಷರವನ್ನು ಪೂರ್ತಿ ಮುಂದೂಡಿದರೂ ಆಗದು. ಅಮ್ಮ, ಅಪ್ಪ, ಅಜ್ಜಿ, ಅಕ್ಕ, ಅಣ್ಣ, ಬೆಕ್ಕು, ಹಣ್ಣು, ಅನ್ನ. ಮಗುವಿಗೆ ಬೇಕಾದ ಪದಗಳೆಲ್ಲ ಒತ್ತಿನವೇ, ಅಲ್ವಾ? ಇವನ್ನು ಮೊದಲೇ ನೋಡಿ ಗುರುತಿಸಲಿ, ಉಳಿದ ಒತ್ತುಗಳು ನಿಧಾನವಾಗಿ ಬರಲಿ. ಹೀಗೆ ಲಿಪಿಯ ಕಷ್ಟ ಅಳೆದು ಕನ್ನಡದಲ್ಲೇ ಯೋಚಿಸಿ ಬರೆದ ಮೆಟ್ಟಿಲು ಮೆಟ್ಟಿಲಿನ ಕತೆಗಳು ಬೇಕು. 2021ರಲ್ಲಿ ಬೆಂಗಳೂರಿನ ಬೈಜೂಸ್, ಅಮೆರಿಕದ ಎಪಿಕ್ ಎಂಬ ಮಕ್ಕಳ ಡಿಜಿಟಲ್ ಓದಿನ ಕಂಪನಿಯನ್ನು 50 ಕೋಟಿ ಡಾಲರಿಗೆ ಕೊಂಡಿತ್ತು. ಅದರ ಸಣ್ಣ ಚೂರಿನಷ್ಟು ಹಣ ಸಾಕು ಈ ಕೆಲಸಕ್ಕೆ. ಬರೆಯಬಲ್ಲವರೂ ಚಿತ್ರ ಬಿಡಿಸಬಲ್ಲವರೂ ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಈಗ ಅಮೆರಿಕದಿಂದ ತರಬೇಕಾದ್ದಕ್ಕೆ ಬರುತ್ತೇನೆ. ಅದು ಬರೆಸುವ ರೂಢಿ.

ಅಲ್ಲಿ ಐದಾರು ವರ್ಷದ ಮಗುವಿಗೆ ಒಂದು ಹಾಳೆ ಕೊಡುತ್ತಾರೆ. ಮೇಲರ್ಧ ಖಾಲಿ, ಚಿತ್ರಕ್ಕೆ. ಕೆಳಗೆ ಮೂರು ನಾಲ್ಕು ಗೆರೆ. ನಿನ್ನೆ ಏನಾಯಿತು, ನಿನಗೆ ಯಾವಾಗ ಭಯ ಆಗಿತ್ತು, ಬರಿ ಅನ್ನುತ್ತಾರೆ. ಮಗು ಕಿವಿಗೆ ಕೇಳಿದ ಹಾಗೆ ಬರೆಯುತ್ತದೆ. ಅರ್ಧ ಪದಗಳ ಸ್ಪೆಲಿಂಗ್ ತಪ್ಪು. ಟೀಚರ್ ಮೊದಲು ಓದುವುದು ಮಗು ಏನು ಹೇಳಿದೆ ಎಂದು. ಸ್ಪೆಲಿಂಗ್ ಪಾಠ ಬೇರೆ ಹೊತ್ತಿನಲ್ಲಿ ನಡೆಯುತ್ತದೆ. ರೀಡ್‌ರೈಟ್‌ಥಿಂಕ್‌ನಂಥ ವೆಬ್‌ಸೈಟುಗಳಲ್ಲಿ ಹೀಗೆ ಬರೆಸುವ ಪಾಠಗಳು ರಾಶಿ ರಾಶಿ ಸಿಗುತ್ತವೆ. ಇಂಗ್ಲಿಷ್ ಟೀಚರುಗಳ ರಾಷ್ಟ್ರೀಯ ಸಂಘವೇ ಅದರ ಹಿಂದೆ ಇದೆ.

ನಮ್ಮಲ್ಲಿ ಬರವಣಿಗೆ ಎಂದರೆ ಕಾಪಿ, ಉಕ್ತಲೇಖನ, ಪ್ರಶ್ನೋತ್ತರ. ಹಸುವಿನ ಮೇಲಿನ ಪ್ರಬಂಧವೂ ಬಾಯಿಪಾಠ. ಕನ್ನಡದ ಆಪ್‌ಗಳೂ ಅಷ್ಟೇ. ಚುಕ್ಕಿ ಸೇರಿಸಿ ಅಕ್ಷರ ತಿದ್ದು ಅನ್ನುವಲ್ಲಿಗೆ ಬಹುತೇಕ ನಿಂತುಬಿಡುತ್ತವೆ. ಉಕ್ತಲೇಖನ ಬೇಡ ಎಂದು ನಾನು ಹೇಳುತ್ತಿಲ್ಲ. 400 ಆಕಾರಗಳು ಕೈಗೆ ಬರಬೇಕಾದರೆ ತಿದ್ದುವುದೂ ಬೇಕು, ಉಕ್ತಲೇಖನವೂ ಬೇಕು. ಆದರೆ ಮಗು ತನ್ನದೇ ಒಂದು ಸಾಲು ಬರೆಯುವ ಜಾಗ ಇಡೀ ವಾರದಲ್ಲಿ ಎಲ್ಲೂ ಇಲ್ಲದಿದ್ದರೆ, ಆ ಅಕ್ಷರಗಳು ಯಾಕೆ ಬೇಕು ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು?

ಈ ಸಲ ಬಸವನಗುಡಿಯ ಅಕ್ಕನ ಮನೆಯಲ್ಲಿ ಇದನ್ನು ಮಾಡಿ ನೋಡಿದೆವು. ಎರಡನೇ ತರಗತಿಯಲ್ಲಿರುವ ಅಕ್ಕನ ಮಗಳಿಗೆ ಖಾಲಿ ಹಾಳೆ ಕೊಟ್ಟೆ. ಅವಳು ಬರೆದದ್ದು: “ನಿನ್ನೆ ಕಬ್ಬನ್ ಪಾರ್ಕಲ್ಲಿ ಮಳೆ ಬಂತು. ನಾವು ಓಡಿದ್ವಿ. ಅಜ್ಜಿ ಓಡಲಿಲ್ಲ.”

ಅಕ್ಕ ಪಕ್ಕದಲ್ಲೇ ಇದ್ದಳು. “ಓಡಿದ್ವಿ ಅಲ್ಲ ಪುಟ್ಟಿ, ಓಡಿದೆವು ಅಂತ ಬರಿ.”

“ಇವತ್ತು ಬಿಡಕ್ಕ,” ಅಂದೆ. “ಅಜ್ಜಿ ಯಾಕೆ ಓಡ್ಲಿಲ್ವಂತೆ ಕೇಳು.”

“ಮಾಮ, ಅಜ್ಜಿ ಹತ್ರ ಕೊಡೆ ಇತ್ತು!” ಅಂದಳು ಹುಡುಗಿ. ಅದನ್ನೂ ಬರಿ ಅಂದೆ, ಬರೆದಳು. ಒತ್ತಕ್ಷರ ಎಲ್ಲಿ ಹಾಕಬೇಕೆಂದು ತಾನೇ ಬಂದು ಕೇಳಿಕೊಂಡು ಹೋದಳು.

ಆಡುವ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ದೂರ ಇದೆ. ‘ಓಡಿದೆವು’ ಎಂದು ಬೆಂಗಳೂರಿನ ಮನೆಗಳಲ್ಲಿ ಯಾರೂ ಮಾತಾಡುವುದಿಲ್ಲ. ಮೊದಮೊದಲ ಬರಹದಲ್ಲಿ ಮಗು ಆಡುಮಾತನ್ನೇ ಬರೆಯಲಿ. ಕತೆ ಓದುತ್ತಾ ಹೋದ ಹಾಗೆ ಪುಸ್ತಕದ ರೂಪ ಕಿವಿಗೆ ಬೀಳುತ್ತದೆ, ಆಮೇಲೆ ಕೈಗೆ ಬರುತ್ತದೆ. ಮೊದಲ ದಿನವೇ ಕೆಂಪು ಇಂಕು ಬಿದ್ದರೆ ಮಗು ಎರಡನೇ ಸಾಲು ಬರೆಯುವುದೇ ಇಲ್ಲ.

ಇದಕ್ಕೆ ಬೇಕಾದ ಸಲಕರಣೆಗಳು ಆಗಲೇ ಕೈಯಲ್ಲಿವೆ. ಬರೆಯಲು ಇನ್ನೂ ಬಾರದ ಮಗು ಫೋನಿನ ಕನ್ನಡ ವಾಯ್ಸ್ ಟೈಪಿಂಗ್‌ಗೆ ತನ್ನ ಕತೆ ಹೇಳಲಿ. ತೆರೆಯ ಮೇಲೆ ಮೂಡಿದ್ದನ್ನು ದೊಡ್ಡವರು ತಿದ್ದಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಕೊಡಲಿ. ತಾನೇ ಆಡಿದ ಮಾತಾದ್ದರಿಂದ ಮಗು ಅದನ್ನು ಬೇಗ ಓದುತ್ತದೆ. ಸ್ಟೋರಿವೀವರ್‌ನಲ್ಲಿ ಅಲ್ಲಿಯದೇ ಚಿತ್ರಗಳನ್ನು ಆರಿಸಿಕೊಂಡು ಹೊಸ ಕತೆ ಕಟ್ಟುವ ಸೌಲಭ್ಯ ಇದೆ. ಮೂರನೇ, ನಾಲ್ಕನೇ ತರಗತಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕನ್ನಡ ಹೋಂವರ್ಕ್ ನನಗೆ ತೋಚುತ್ತಿಲ್ಲ. ಒಂದು ಮಾತ್ರ ಬೇಡ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ಕೀಬೋರ್ಡನ್ನು ಲಿಪಿ ಕಲಿಯುತ್ತಿರುವ ಮಗುವಿಗೆ ಕೊಡಬೇಡಿ. ಕಾಗುಣಿತ ಯೋಚಿಸುವ ಕೆಲಸವನ್ನೇ ಅದು ತಪ್ಪಿಸಿಬಿಡುತ್ತದೆ. ಪೆನ್ಸಿಲ್ ಕೊಡಿ.

ಇನ್ನು ಗ್ರಂಥಾಲಯದ ಮಾತು. ಅಮೆರಿಕದಲ್ಲಿ ಈ ವೆಬ್‌ಸೈಟುಗಳ ಬಗ್ಗೆ ನನಗೆ ಹೇಳಿದವರು ನಮ್ಮ ಬಡಾವಣೆಯ ಗ್ರಂಥಪಾಲಕಿ. ಲೈಬ್ರರಿ ಕಾರ್ಡ್ ಇದ್ದರೆ ಲಿಬ್ಬಿ ಆಪ್‌ನಲ್ಲಿ ಮಕ್ಕಳ ಪುಸ್ತಕ ಎರವಲು ಸಿಗುತ್ತದೆ. ಆದರೆ ಯಾವ ಮಗುವಿಗೆ ಯಾವ ಪುಸ್ತಕ ಎಂದು ಹೇಳಲು ಅಲ್ಲಿ ಒಬ್ಬ ಮನುಷ್ಯರು ಇರುತ್ತಾರೆ. ಪುಟ್ಟ ಮಕ್ಕಳನ್ನು ಕೂರಿಸಿಕೊಂಡು ಕತೆ ಓದುತ್ತಾರೆ. ಕರ್ನಾಟಕದಲ್ಲೂ 2020ರಲ್ಲಿ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಬಂತು. ಸದಸ್ಯತ್ವ ಉಚಿತ. ಅದೇ ವರ್ಷ ‘ಓದುವ ಬೆಳಕು’ ಕಾರ್ಯಕ್ರಮದಡಿ ಹಳ್ಳಿಯ ಮಕ್ಕಳನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಉಚಿತವಾಗಿ ಸೇರಿಸಿಕೊಳ್ಳಲು ಶುರು ಮಾಡಿದರು. ಅದನ್ನು ಕೇಳಿ ನನಗೆ ನಿಜವಾಗಲೂ ಖುಷಿಯಾಯಿತು. ಬೆಂಗಳೂರಿನ ಬಡಾವಣೆಗಳಲ್ಲೂ ಶಾಖಾ ಗ್ರಂಥಾಲಯಗಳಿವೆ. ಆದರೆ ನಾನು ಹೋದ ಕಡೆಗಳಲ್ಲಿ ಕಂಡದ್ದು ದಿನಪತ್ರಿಕೆ ಓದುವ ಹಿರಿಯರು, ಪರೀಕ್ಷೆಗೆ ಓದುವ ಯುವಕರು. ಮಕ್ಕಳು ಕಾಣಲಿಲ್ಲ.

ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರವನ್ನು ಬೆಂಗಳೂರಿನವರು ಕಟ್ಟುತ್ತಲೇ ಇದ್ದಾರೆ. ಹಾಗಾಗಿ ನೆಂಟರಿಗೆಲ್ಲ ನಾನು ಈಗ ಒಂದೇ ಮಾತು ಹೇಳುತ್ತಿದ್ದೇನೆ. ಹೊಸ ಆಪ್‌ಗೆ ಚಂದಾ ಕಟ್ಟುವ ಮೊದಲು ನಿಮ್ಮ ಬಡಾವಣೆಯ ಶಾಖೆಗೆ ಮಗುವನ್ನು ಕರೆದುಕೊಂಡು ಹೋಗಿ. ಶನಿವಾರ ಒಂದು ಗಂಟೆ ಮಕ್ಕಳಿಗೆ ಜಾಗ ಕೊಡಿ ಎಂದು ಕೇಳಿ. ಪ್ರಿಂಟ್ ತೆಗೆದ ಹತ್ತು ಕನ್ನಡ ಕತೆ, ಒಂದಿಷ್ಟು ಖಾಲಿ ಹಾಳೆ, ಪೆನ್ಸಿಲ್ ನೀವೇ ಒಯ್ಯಿರಿ. ಗ್ರಂಥಪಾಲಕರು ಒಪ್ಪದಿದ್ದರೆ ಮೂರು ನಾಲ್ಕು ಮನೆಯವರು ಸೇರಿ ಅರ್ಜಿ ಕೊಡಿ.