ಮುಯ್ಯಾಳು ಸಿಗದ ಊರು

1964ರಲ್ಲಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಏರಿ ಊರು ಮುಳುಗಿದಾಗ ನಮ್ಮಜ್ಜಿ ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಲಾರಿಯಲ್ಲಿ ತಂದು ಕಾಡಿನ ನಡುವೆ ಇಳಿಸಿ ಹೋದರಂತೆ. ಹುಲಿ, ಹಾವು, ಜ್ವರ ಎಲ್ಲದರ ಕಥೆಯನ್ನೂ ಹೇಳುತ್ತಿದ್ದಳು. ಆದರೆ ದನಿ ಕುಗ್ಗುತ್ತಿದ್ದದ್ದು ಒಂದೇ ಮಾತಿಗೆ: "ನಾಟಿಗೆ ಮುಯ್ಯಾಳು ಕರಿಯಾಕೆ ಯಾರೂ ಇರ್ಲಿಲ್ಲ ಮಗಾ."

ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಈ ಮುಯ್ಯಿ ಇದ್ದಿದ್ದರಿಂದಲೇ ಹಳೆಯ ಊರಲ್ಲಿ ಬಡವರ ಗದ್ದೆಯೂ ಹೊತ್ತಿಗೆ ಸರಿಯಾಗಿ ನಾಟಿಯಾಗುತ್ತಿತ್ತು. ಮುಳುಗಡೆಯಲ್ಲಿ ಅಕ್ಕಪಕ್ಕದ ಮನೆಯವರು ಬೇರೆ ಬೇರೆ ತಾಲ್ಲೂಕಿನ ಪಾಲಾದರು.

ಹೋದ ತಿಂಗಳು ಸೊರಬ, ಬನವಾಸಿ ಹಾದು ಮುಂಡಗೋಡಕ್ಕೆ ಹೋಗಿದ್ದೆ. ಅಲ್ಲಿನ ಟಿಬೆಟಿಯನ್ ಕಾಲೋನಿ ಶುರುವಾಗಿದ್ದು 1966ರಲ್ಲಿ, ಅಜ್ಜಿ ಊರು ಬಿಟ್ಟ ಎರಡೇ ವರ್ಷಕ್ಕೆ. ಅವರಿಗೂ ಸಿಕ್ಕಿದ್ದು ಕಾಡೇ. ಭಾಷೆ ಬರದು, ಹಿಮದ ನಾಡಿನವರಿಗೆ ಈ ಸೆಕೆ ಬೇರೆ. ಭೂಮಿ ಇವತ್ತಿಗೂ ಅವರ ಹೆಸರಲ್ಲಿಲ್ಲ, ಸರ್ಕಾರದಿಂದ ಲೀಸಿಗೆ ಪಡೆದದ್ದು. ಆದರೂ ಮೆಕ್ಕೆಜೋಳದ ಹೊಲಗಳು, ಶಾಲೆ, ಆಸ್ಪತ್ರೆ, ಮಠಗಳು ಎದ್ದು ನಿಂತಿವೆ. ಹೊರಗಿನ ನೆರವು ಬಂದಿತ್ತು, ನಿಜ. ಅದು ಕರಗಿಹೋಗದಂತೆ ಹಿಡಿದಿಟ್ಟಿದ್ದು ಅವರದೇ ಸಹಕಾರ ಸಂಘ ಎಂದು ನನಗೆ ಖಂಡಿತ ಅನ್ನಿಸಿತು. ಅವರನ್ನು ಕ್ಯಾಂಪು ಕ್ಯಾಂಪಾಗಿ ಒಟ್ಟಿಗೆ ಕೂರಿಸಿದರು, ಆದ್ದರಿಂದ ಸಂಘ ಕಟ್ಟಲು ಜನ ಇದ್ದರು.

ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ದೇಶ ಕಳೆದುಕೊಂಡವರ ನೋವು ಅಳೆಯಲು ನಾನ್ಯಾರು? ನನ್ನ ಸಂಕಟ ನಮ್ಮವರದು. ನಮಗೆ ಕೊಟ್ಟ ಪರಿಹಾರ ಮನೆಮನೆಗೆ ಹಂಚಿಹೋಯಿತು, ಮನೆಯಲ್ಲೇ ಖರ್ಚಾಯಿತು. ಸಾಗುವಳಿ ಮಾಡಿದ ನೆಲಕ್ಕೆ ಎಷ್ಟೋ ಕುಟುಂಬಗಳಿಗೆ ಇನ್ನೂ ಹಕ್ಕುಪತ್ರವಿಲ್ಲ. ಪಹಣಿ ಇಲ್ಲದವರಿಗೆ ಸೊಸೈಟಿಯಲ್ಲಿ ಬೆಳೆಸಾಲವೂ ಇಲ್ಲ.

ಸಹಕಾರ ನಮಗೆ ಹೊಸದೇನಲ್ಲ. ಅಡಿಕೆ ಬೆಳೆಗಾರರು ತಮ್ಮ ಮಾರಾಟ ಸಹಕಾರ ಸಂಘ ಮ್ಯಾಮ್‌ಕೋಸ್ ಕಟ್ಟಿದ್ದು 1939ರಲ್ಲೇ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ಎಂಬ ಸಹಕಾರ ಸಂಘದಲ್ಲಿ ಹಳ್ಳಿಯ ಹೆಂಗಸರೇ ಸದಸ್ಯರು, ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನ ಬಣ್ಣ ಹಾಕಿ ಬಟ್ಟೆ ನೇಯುತ್ತಾರೆ. ಮುಳುಗಡೆಯವರ ಹೆಸರಲ್ಲಿ ನಡೆಯುವ ಸಭೆಗಳಲ್ಲಿ ಹಕ್ಕುಪತ್ರದ ಮಾತು ಬರುತ್ತದೆ, ಬರಲೇಬೇಕು. ಜೊತೆಗೆ ನಮ್ಮದೇ ಸಂಘ, ನಮ್ಮದೇ ಗೋದಾಮು, ನಮ್ಮದೇ ಲೆಕ್ಕದ ಪುಸ್ತಕ ಬೇಕೆಂದು ಯಾಕೆ ಕೇಳುವುದಿಲ್ಲ?

ನಮ್ಮ ಕೇರಿಯ ಹನ್ನೊಂದು ಮನೆಯವರು ಈ ಸಲ ಸೇರಿ ಒಂದು ಅಡಿಕೆ ಸುಲಿಯುವ ಮಷೀನು ತರುವುದೆಂದು ಮಾತಾಗಿದೆ. ಯಾರ ಮನೆ ಅಡಿಕೆ ಮೊದಲು ಎಂಬುದಕ್ಕೆ ಚೀಟಿ ಎತ್ತುತ್ತೇವೆ. ಅಜ್ಜಿ ಇದ್ದಿದ್ದರೆ ಮೊದಲ ಚೀಟಿ ಅವಳ ಕೈಯಲ್ಲೇ ಎತ್ತಿಸುತ್ತಿದ್ದೆ.