ಗಗನಯಾನ: ಮನುಷ್ಯರೇ ಹೋಗಬೇಕಾ?

2018ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ ಘೋಷಿಸಿದ ಯೋಜನೆ ಗಗನಯಾನ. ಮೂವರು ಗಗನಯಾನಿಗಳು ಇಸ್ರೋದ ರಾಕೆಟ್‌ನಲ್ಲಿ 400 ಕಿ.ಮೀ. ಎತ್ತರಕ್ಕೆ ಹೋಗಿ, ಮೂರು ದಿನ ಭೂಮಿ ಸುತ್ತಿ, ಸಮುದ್ರಕ್ಕೆ ಇಳಿಯಬೇಕು. ಭಾರತ ಮುಂದೆ ಕಟ್ಟಲಿರುವ ಬಾಹ್ಯಾಕಾಶ ನಿಲ್ದಾಣದ ಮೊದಲ ತುಣುಕನ್ನೂ ಸೇರಿಸಿ ಸರ್ಕಾರ 2024ರಲ್ಲಿ ಒಪ್ಪಿದ ಒಟ್ಟು ವೆಚ್ಚ 20,193 ಕೋಟಿ ರೂಪಾಯಿ. ಯಂತ್ರಗಳೇ ಚಂದ್ರನ ಮೇಲೆ ಇಳಿದು ಕೆಲಸ ಮಾಡಿರುವಾಗ ಮನುಷ್ಯರನ್ನು ಕಳಿಸಲು ಇಷ್ಟು ಖರ್ಚು ಬೇಕಾ?

ಪರ: ಹೋಗಲೇಬೇಕು

ಒಂದು ಮಾತನ್ನು ಮೊದಲೇ ಒಪ್ಪಿಬಿಡೋಣ. ಮೂರು ದಿನದ ಹಾರಾಟದಿಂದ ವಿಜ್ಞಾನಕ್ಕೆ ದೊಡ್ಡ ಶೋಧವೇನೂ ಸಿಗುವುದಿಲ್ಲ. ಬೇಕಿರುವುದು ಬೇರೆ. ಮನುಷ್ಯನನ್ನು ಮೇಲೆ ಕರೆದೊಯ್ದು ಜೀವಂತ ವಾಪಸ್ ತರುವ ವಿದ್ಯೆ ನಮ್ಮ ಕೈಗೆ ಬರಬೇಕು. ಈವರೆಗೆ ಅದನ್ನು ಸ್ವಂತವಾಗಿ ಮಾಡಿ ತೋರಿಸಿರುವುದು ರಷ್ಯಾ, ಅಮೆರಿಕ, ಚೀನಾ ಮಾತ್ರ.

ರಾಕೇಶ್ ಶರ್ಮಾ 1984ರಲ್ಲಿ ಹೋಗಿದ್ದು ಸೋವಿಯತ್ ನೌಕೆಯಲ್ಲಿ. ಶುಭಾಂಶು ಶುಕ್ಲಾ 2025ರಲ್ಲಿ ಹೋಗಿದ್ದು ಅಮೆರಿಕದ ಕಂಪನಿಯೊಂದರ ನೌಕೆಯಲ್ಲಿ. ನಲವತ್ತೊಂದು ವರ್ಷದ ಅಂತರವಿದ್ದರೂ ಎರಡೂ ಸಲ ಬೇರೆಯವರ ಗಾಡಿ!

ದುಡ್ಡು ಕೊಟ್ಟರೆ ಸೀಟು ಸಿಗುತ್ತದೆ, ವಿದ್ಯೆ ಸಿಗುವುದಿಲ್ಲ. 1993ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದು ರಷ್ಯಾ ಕ್ರಯೋಜೆನಿಕ್ ತಂತ್ರಜ್ಞಾನ, ಅಂದರೆ ತೀರಾ ತಣ್ಣಗಿನ ದ್ರವ ಇಂಧನದಿಂದ ಓಡುವ ರಾಕೆಟ್ ಎಂಜಿನ್‌ನ ವಿದ್ಯೆ, ಕೊಡದೆ ಹಿಂದೆ ಸರಿಯಿತು. ನಮ್ಮದೇ ಕ್ರಯೋಜೆನಿಕ್ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ರಾಕೆಟ್ ಗೆದ್ದಿದ್ದು 2014ರಲ್ಲಿ. ಗಗನಯಾನದಲ್ಲೂ ಅದೇ ಕಥೆ. ಕ್ಯಾಬಿನ್ನಿನೊಳಗೆ ಆಮ್ಲಜನಕ ಕೊಡಬೇಕು, ಉಸಿರಿನಿಂದ ಬರುವ ಇಂಗಾಲದ ಡೈಆಕ್ಸೈಡ್ ತೆಗೆಯಬೇಕು, ತೇವ ಮತ್ತು ಬಿಸಿಯನ್ನು ಹದದಲ್ಲಿಡಬೇಕು. ಈ ವ್ಯವಸ್ಥೆಯನ್ನು ಹೊರಗಿನಿಂದ ತರುವ ಯೋಚನೆ ಇತ್ತು, ಯಾರೂ ಕೊಡಲಿಲ್ಲ. ಈಗ ಇಸ್ರೋ ತಾನೇ ಮಾಡುತ್ತಿದೆ.

ಇದು ಎಂತಹ ಶಿಸ್ತು ಕಲಿಸುತ್ತದೆ ಅಂತ 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಲ್ಲಿ ಕಂಡಿತು. ರಾಕೆಟ್ ಕೆಟ್ಟರೆ ಸಿಬ್ಬಂದಿಯನ್ನು ಎಳೆದು ದೂರ ಒಯ್ಯುವ ವ್ಯವಸ್ಥೆಯ ಪರೀಕ್ಷೆ ಅದು. ಹಾರಲು ಐದು ಸೆಕೆಂಡ್ ಇರುವಾಗ ಕಂಪ್ಯೂಟರ್ ಎಲ್ಲವನ್ನೂ ನಿಲ್ಲಿಸಿತು. ತಂಡ ಕಾರಣ ಹುಡುಕಿ, ಸರಿಮಾಡಿ, ಅದೇ ಬೆಳಿಗ್ಗೆ ಹಾರಿಸಿತು. ಹೀಗೆ ಕಲಿತದ್ದು ಮುಂದಿನ ಎಲ್ಲ ರಾಕೆಟ್‌ಗಳಿಗೂ ಬರುತ್ತದೆ.

ಮುಂದೆ ಚಂದ್ರನಿಗೆ ಹೋಗುವಾಗಲಂತೂ ಮನುಷ್ಯನ ಬೆಲೆ ಗೊತ್ತಾಗುತ್ತದೆ. ಮಂಗಳನ ಮೇಲಿದ್ದ ಆಪರ್ಚುನಿಟಿ ರೋವರ್ 42 ಕಿ.ಮೀ. ದಾಟಲು 11 ವರ್ಷ ತೆಗೆದುಕೊಂಡಿತು. 1972ರಲ್ಲಿ ಅಪೊಲೊ 17ರ ಇಬ್ಬರು ಮೂರೇ ದಿನದಲ್ಲಿ ಚಂದ್ರನ ಮೇಲೆ ಸುಮಾರು 35 ಕಿ.ಮೀ. ಗಾಡಿ ಓಡಿಸಿದರು. ಅವರಲ್ಲೊಬ್ಬರಾದ ಹ್ಯಾರಿಸನ್ ಶ್ಮಿಟ್ ಭೂವಿಜ್ಞಾನಿ. ನಡೆಯುವಾಗ ಕಾಲಡಿ ಕಿತ್ತಳೆ ಬಣ್ಣದ ಮಣ್ಣು ಕಂಡಿತು, ಅಲ್ಲೇ ನಿಂತರು, ಅಗೆದರು. ಹಳೆಯ ಜ್ವಾಲಾಮುಖಿ ಚಿಮ್ಮಿಸಿದ ಗಾಜಿನ ಕಣಗಳವು.

ವಿರೋಧ: ಆತುರ ಬೇಡ

ಅಪೊಲೊ ಉದಾಹರಣೆ ಚಂದ. ಆದರೆ ಗಗನಯಾನ ಚಂದ್ರನಿಗೆ ಹೋಗುವುದಿಲ್ಲವಲ್ಲ! 400 ಕಿ.ಮೀ. ಅಂದರೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಇರುವಷ್ಟು ದೂರ. 1961ರಲ್ಲೇ ಗಗಾರಿನ್ ಭೂಮಿ ಸುತ್ತಿ ಬಂದಾಗಿದೆ.

ದುಡ್ಡಿನ ವಿಷಯಕ್ಕೆ ಬರೋಣ. ಚಂದ್ರಯಾನ-3ಕ್ಕೆ ಆಗಿದ್ದು ಸುಮಾರು 615 ಕೋಟಿ ರೂಪಾಯಿ. ಆಕಾಶ ನೋಡುವ ಆಸ್ಟ್ರೋಸ್ಯಾಟ್‌ಗೆ ಸುಮಾರು 178 ಕೋಟಿ. 2025-26ಕ್ಕೆ ಇಡೀ ಬಾಹ್ಯಾಕಾಶ ಇಲಾಖೆಗೆ ಸಿಕ್ಕಿದ್ದು ಸುಮಾರು 13,400 ಕೋಟಿ. ಹಲವು ವರ್ಷಗಳಲ್ಲಿ ಹಂಚಿಕೊಂಡರೂ 20,193 ಕೋಟಿ ಸಣ್ಣದಲ್ಲ. ಜೊತೆಗೆ, ಇರುವ ಎಂಜಿನಿಯರ್‌ಗಳ ಗಮನವೂ ಅತ್ತಲೇ ಹೋಗುತ್ತದೆ. ದುಡ್ಡಿಗಿಂತ ಅದೇ ಜಾಸ್ತಿ ಚಿಂತೆ.

ಮಣ್ಣು ತರಲು ಮನುಷ್ಯರೇ ಬೇಕೆನ್ನುವ ಕಾಲವೂ ಹೋಯಿತು. ಚಂದ್ರನ ಆಚೆ ಬದಿಗೆ ಮನುಷ್ಯ ಈವರೆಗೆ ಕಾಲಿಟ್ಟಿಲ್ಲ. 2024ರಲ್ಲಿ ಚೀನಾದ ಚಾಂಗ್'ಎ-6 ಅಲ್ಲಿಂದ 1.9 ಕಿಲೋ ಮಣ್ಣು ತಂದಿತು, ಒಬ್ಬ ಗಗನಯಾನಿಯೂ ಇಲ್ಲದೆ. ಚಂದ್ರಯಾನ-3ರ ನಮ್ಮ ಪ್ರಗ್ಯಾನ್ ರೋವರ್ ಓಡಿದ್ದು ಬರೀ 100 ಮೀಟರ್, ನಿಜ. ಆದರೂ ದಕ್ಷಿಣ ಧ್ರುವದ ಹತ್ತಿರದ ನೆಲದಲ್ಲಿ ಗಂಧಕ ಇರುವುದನ್ನು ಅಲ್ಲೇ ನಿಂತು ಖಚಿತ ಮಾಡಿತು. ಇಸ್ರೋ ಕಡಿಮೆ ದುಡ್ಡಲ್ಲಿ ಜಗತ್ತಿನ ಗಮನ ಸೆಳೆದಿದ್ದು ಇಂಥ ಕೆಲಸದಿಂದಲೇ ಅಲ್ವಾ?

ಜೀವದ ಪ್ರಶ್ನೆಯೂ ಇದೆ. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಚೂರಾಗಿ ಕಲ್ಪನಾ ಚಾವ್ಲಾ ಸೇರಿ ಏಳು ಜನ ಸತ್ತರು. ಮೇಲೇರುವಾಗ ಕಳಚಿಬಿದ್ದ ಫೋಮ್ ತುಂಡೊಂದು ರೆಕ್ಕೆಗೆ ಬಡಿದಿತ್ತು. ಅದಕ್ಕಿಂತ ಹತ್ತಿರದ ಉದಾಹರಣೆ ಸುನಿತಾ ವಿಲಿಯಮ್ಸ್ ಅವರದು. ವಿಮಾನ ತಯಾರಿಕೆಯಲ್ಲಿ ಪಳಗಿದ ಬೋಯಿಂಗ್ ಕಂಪನಿಯ ನೌಕೆಯಲ್ಲಿ 2024ರ ಜೂನ್‌ನಲ್ಲಿ ಸುಮಾರು ಎಂಟು ದಿನಕ್ಕೆಂದು ಹೋದರು. ನೌಕೆಯಲ್ಲಿ ತೊಂದರೆ ಕಂಡಿತು. ಕೊನೆಗೆ 2025ರ ಮಾರ್ಚ್‌ನಲ್ಲಿ ಬೇರೆ ಕಂಪನಿಯ ನೌಕೆಯಲ್ಲಿ ಬಂದರು. ಅವರಿಗೆ ಹೋಗಿ ಕಾಯಲು ಬಾಹ್ಯಾಕಾಶ ನಿಲ್ದಾಣ ಇತ್ತು, ಕರೆತರಲು ಇನ್ನೊಂದು ನೌಕೆ ಇತ್ತು. ಗಗನಯಾನದ ಮೂವರಿಗೆ ಇವೆರಡೂ ಇರುವುದಿಲ್ಲ.

ಗಡುವನ್ನು ಹಬ್ಬಕ್ಕೆ ಕಟ್ಟುವುದು ನನಗಂತೂ ಹಿಡಿಸುವುದಿಲ್ಲ. ಮೊದಲು ಹೇಳಿದ್ದು ಸ್ವಾತಂತ್ರ್ಯದ 75ನೇ ವರ್ಷ, 2022. ಆಮೇಲೆ ಮುಂದಕ್ಕೆ ಹೋಗುತ್ತಾ 2025ರಲ್ಲಿ 2027 ಎಂದರು. ತಡವಾಗಿದ್ದು ತಪ್ಪಲ್ಲ, ಎಚ್ಚರಿಕೆಯ ಲಕ್ಷಣ. ಹೀಗೆ ಮೊದಲೇ ದಿನಾಂಕ ಸಾರುವ ಅವಸರ ಯಾಕೆ ಬೇಕಿತ್ತು?

ಇನ್ನು ಜನರಿಗೆ ದಿನವೂ ಬೇಕಾದ ಕೆಲಸಗಳು ಬಾಕಿ ಇವೆ. ನಮ್ಮದೇ ದಾರಿ ತೋರಿಸುವ ನಾವಿಕ್ ವ್ಯವಸ್ಥೆಗೆಂದು 2025ರ ಜನವರಿ 29ರಂದು ಎನ್‌ವಿಎಸ್-02 ಉಪಗ್ರಹ ಹಾರಿತು. ಶ್ರೀಹರಿಕೋಟಾದ ನೂರನೇ ಉಡಾವಣೆ ಅದು. ರಾಕೆಟ್ ಸರಿಯಾಗಿ ಹೋಯಿತು, ಉಪಗ್ರಹದ ಕವಾಟ ತೆರೆಯಲಿಲ್ಲ, ಅದು ಬೇಕಾದ ಕಕ್ಷೆಗೆ ಏರಲೇ ಇಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಪಿಎಸ್‌ಎಲ್‌ವಿ-ಸಿ61ರ ಮೂರನೇ ಹಂತ ಕೈಕೊಟ್ಟು, ಭೂಮಿಯನ್ನು ನೋಡಬೇಕಿದ್ದ ಇಒಎಸ್-09 ಉಪಗ್ರಹ ಹೋಯಿತು. ದಶಕಗಳಿಂದ ನಂಬಿದ ರಾಕೆಟ್ ಅದು. ಮನುಷ್ಯರನ್ನು ಕೂರಿಸುವ ಮೊದಲು ಇವುಗಳ ತನಿಖಾ ವರದಿಗಳು ಪೂರ್ತಿಯಾಗಿ ಜನರ ಮುಂದೆ ಬರಲಿ.