ರಚ್ಚೆ

ಕೂಸು ಅಳತೊಡಗಿದರೆ ಸಾಕು, ಮನೆಯಲ್ಲಿರುವ ಎಲ್ಲರಿಗೂ ವೈದ್ಯವಿದ್ಯೆ ಒಲಿದುಬಿಡುತ್ತದೆ. ಗಮನಿಸಿ ನೋಡಿ, ಪ್ರತಿಯೊಬ್ಬರೂ ತಮಗಿರುವ ಕಾಯಿಲೆಯನ್ನೇ ಕೂಸಿಗೆ ಹಚ್ಚುತ್ತಾರೆ. ಉಂಡದ್ದು ಅರಗದೆ ಓಮದ ನೀರು ಕುಡಿಯುವ ಭಾವನ ಪ್ರಕಾರ ಅದು ವಾಯು. ಮಳೆಗಾಲ ಬಂತೆಂದರೆ ಮಂಡಿ ಹಿಡಿದುಕೊಂಡು ಕೂರುವ ಅತ್ತಿಗೆಯ ಪ್ರಕಾರ ಕಾಲು ಸೆಳೆತ. ಬೇಲಿಯ ವಿಚಾರದಲ್ಲಿ ಪಕ್ಕದ ತೋಟದವರೊಂದಿಗೆ ಮಾತು ಬಿಟ್ಟವರಿಗೆ ಅದು ದೃಷ್ಟಿ. ಯಾರ ದೃಷ್ಟಿ ಎಂಬುದರಲ್ಲೂ ಅನುಮಾನವಿಲ್ಲ. ಗಂಡಸರಿಗೆ ಗೊತ್ತಿರುವುದು ಒಂದೇ ಕಾರಣ, ಹಸಿವು. ಬಹಳ ಅನುಕೂಲದ ಕಾರಣ ಅದು. ಮದ್ದು ತಮ್ಮ ಬಳಿ ಇಲ್ಲವಲ್ಲ, ಕೂಸನ್ನು ತಾಯಿಯ ಕೈಗೆ ದಾಟಿಸಿ ಪತ್ರಿಕೆ ಓದಲು ಕುಳಿತುಕೊಳ್ಳಬಹುದು.

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಮಗಳು ಬಾಣಂತನಕ್ಕೆ ಬಂದದ್ದು ಮಳೆಗಾಲದಲ್ಲಿ. ಆರಿದ್ರಾ ಮಳೆಯಲ್ಲಿ ಹುಟ್ಟಿದ ಕೂಸು ಪುನರ್ವಸುವಿನಲ್ಲಿ ರಾಗ ತೆಗೆದು, ಪುಷ್ಯದಲ್ಲಿ ಹದಕ್ಕೆ ಬಂದು, ಆಶ್ಲೇಷಾ ಹೊತ್ತಿಗೆ ತಾರಕ ಮುಟ್ಟಿತು. ಮುಸ್ಸಂಜೆಗೆ ಸರಿಯಾಗಿ ರಚ್ಚೆ ಹಿಡಿದರೆ ರಾತ್ರಿಯ ಊಟದ ಹೊತ್ತಿಗೂ ಬಿಡುತ್ತಿರಲಿಲ್ಲ. ಹೊಟ್ಟೆ ತುಂಬಿತ್ತು, ತೇಗಿಸಿಯಾಗಿತ್ತು, ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿದ ಬೆಚ್ಚನೆಯ ಬಟ್ಟೆಯನ್ನೂ ಸುತ್ತಿಯಾಗಿತ್ತು. ಇನ್ನೇನು ಬೇಕು ಎಂದು ಕೇಳೋಣವೆಂದರೆ ಅದಕ್ಕೆ ಮಾತು ಬಾರದು.

ಮೊದಲು ದೃಷ್ಟಿ ತೆಗೆದರು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದೇ ಮನೆಯವರೆಲ್ಲ ಕೆಮ್ಮಿದರು, ಕೂಸೂ ಕೆಮ್ಮಿತು. ಕೆಮ್ಮುವಷ್ಟು ಹೊತ್ತು ಅಳು ನಿಂತದ್ದು ನಿಜ. ಆಮೇಲೆ ಹೊಕ್ಕಳ ಸುತ್ತ ಇಂಗಿನ ನೀರು. ಸೊಂಟಕ್ಕೆ ಅಂತ್ರ. ಬಜೆ ತೇಯಲು ಕಲ್ಲು ಬಂತು, ನೆಕ್ಕಿಸಲು ಜೇನಿನ ಬಾಟಲಿಯೂ ಬಂತು. ಇವೆರಡಕ್ಕೆ ಮಾತ್ರ ಮಗಳು ಅಡ್ಡ ನಿಂತಳು. ಆರು ತಿಂಗಳು ಎದೆಹಾಲಿನ ಹೊರತು ಬೇರೇನೂ ಬೇಡ, ಜೇನಂತೂ ಒಂದು ವರ್ಷದವರೆಗೆ ಕೂಡದು ಎಂದು ವೈದ್ಯರು ಹೇಳಿದ್ದರು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು. ನಮ್ಮ ಕಾಡಿನ ಜೇನು ಅಷ್ಟು ಶುದ್ಧವಾಗಿರುವಾಗ ಇದೆಂಥ ಮಾತು ಎಂದು ಹಿರಿಯರಿಗೆ ಬೇಸರವಾಯಿತು. ಶುದ್ಧತೆಗೂ ಈ ಬೀಜಕಗಳಿಗೂ ಸಂಬಂಧವಿಲ್ಲ ಎಂದು ತಿಳಿಸಿ ಹೇಳುವುದರೊಳಗೆ ನನಗೆ ಸಾಕಾಯಿತು.

ಈ ಅಳುವಿಗೂ ಒಂದು ಪಂಚಾಂಗವಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅಮೆರಿಕದ ಮಕ್ಕಳ ವೈದ್ಯ ಬೆರಿ ಬ್ರೇಜಲ್ಟನ್ ತಾಯಂದಿರಿಂದ ದಿನಚರಿ ಬರೆಸಿ, ಆರೋಗ್ಯವಾಗಿರುವ ಕೂಸುಗಳು ದಿನಕ್ಕೆ ಎಷ್ಟು ಹೊತ್ತು ಅಳುತ್ತವೆ ಎಂದು ಲೆಕ್ಕ ಹಾಕಿ 1962ರಲ್ಲಿ ಪ್ರಕಟಿಸಿದರು. ಎರಡನೆಯ ವಾರದ ಸುಮಾರಿಗೆ ಏರತೊಡಗುವ ಅಳು ಆರನೆಯ ವಾರದಲ್ಲಿ ದಿನಕ್ಕೆ ಎರಡೂಮುಕ್ಕಾಲು ಗಂಟೆಯವರೆಗೆ ಹೋಗಿ, ಮೂರನೆಯ ತಿಂಗಳ ಹೊತ್ತಿಗೆ ಇಳಿದುಬಿಡುತ್ತದೆ. ಅದರಲ್ಲೂ ಹೆಚ್ಚಿನ ಪಾಲು ಸಂಜೆಯ ಹೊತ್ತಿನದು. ಮುಸ್ಸಂಜೆಯಲ್ಲಿ ಕೂಸನ್ನು ಹೊರಗೆ ತರಬೇಡಿ, ದೃಷ್ಟಿಯಾಗುತ್ತದೆ ಎಂದು ನಮ್ಮಲ್ಲಿ ಹೇಳುವುದು ಎಲ್ಲಿಂದ ಹುಟ್ಟಿರಬಹುದೆಂದು ನನಗೆ ಆಗ ಹೊಳೆಯಿತು. ಹೊರಗೆ ತಂದರೂ ತರದಿದ್ದರೂ ಆ ಹೊತ್ತಿಗೆ ಅದು ಅಳುವುದೇ.

ಇದು ಗೊತ್ತಾದ ಮೇಲೆ ಮದ್ದುಗಳ ಕೀರ್ತಿಯ ಗುಟ್ಟೂ ಬಯಲಾಗುತ್ತದೆ. ಅಳು ತನ್ನಷ್ಟಕ್ಕೆ ಇಳಿಯುವ ವಾರದಲ್ಲಿ ಯಾವ ಮದ್ದು ಕೈಯಲ್ಲಿತ್ತೋ ಅದೇ ರಾಮಬಾಣ. ಐದನೆಯ ವಾರದಲ್ಲಿ ಕಟ್ಟಿದ ಅಂತ್ರ ನಿಷ್ಪ್ರಯೋಜಕ, ಹತ್ತನೆಯ ವಾರದಲ್ಲಿ ಕಟ್ಟಿದ್ದು ಬಹಳ ಶಕ್ತಿಶಾಲಿ. ಪೇಟೆಯ ವೈದ್ಯರ ಹನಿ ಔಷಧಿಗೂ ಇದೇ ನ್ಯಾಯ. ಎಲ್ಲಕ್ಕಿಂತ ಹೆಚ್ಚು ಲಾಭವಾಗುವುದು ಗಂಡನ ಮನೆಯವರಿಗೆ. ಮೂರು ತಿಂಗಳೋ ಐದು ತಿಂಗಳೋ ಬಾಣಂತನ ಮುಗಿಸಿ, ಅಳುವಷ್ಟನ್ನೂ ತವರಿನಲ್ಲೇ ಅತ್ತು ಮುಗಿಸಿದ ಕೂಸು ಅಲ್ಲಿಗೆ ಹೋಗಿ ಬೊಚ್ಚು ಬಾಯಿ ತೆರೆದು ನಗುತ್ತದೆ. "ನಮ್ಮ ಮನೆಯ ಗಾಳಿ ಹಿಡಿಸಿತು ನೋಡಿ" ಎಂದು ಬೀಗಿತ್ತಿ ಫೋನಿನಲ್ಲಿ ಹೇಳಿದಾಗ ನನ್ನ ಹೆಂಡತಿ ಹೂಂಗುಟ್ಟಿದಳು. ಆ ಹೂಂ ಎಂಥದು ಎಂದು ನನಗೆ ಗೊತ್ತು.

ಅಲ್ಲಿಯವರೆಗೆ ಏನು ಮಾಡುವುದು? ಎತ್ತಿಕೊಳ್ಳುವುದು. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ. ನಮ್ಮ ಮನೆಯಲ್ಲಿ ಇದಕ್ಕೆ ವಿರೋಧವಿದ್ದದ್ದು ಚಿಕ್ಕಮ್ಮನದು. "ಎತ್ತಿ ಎತ್ತಿ ಅಭ್ಯಾಸ ಮಾಡಬೇಡ ಮಾರಾಯ್ತಿ, ಆಮೇಲೆ ಕೆಳಗೇ ಇಳಿಯುವುದಿಲ್ಲ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಆರು ವಾರದ ಕೂಸು ಹಟ ಹಿಡಿದು ನಮ್ಮನ್ನು ಕುಣಿಸಬೇಕಾದರೆ ಮೊದಲು ಅದಕ್ಕೆ ಲೆಕ್ಕಾಚಾರ ಬರಬೇಕು. ತನ್ನ ಕೈ ತನ್ನದೇ ಎಂಬುದೂ ಅದಕ್ಕೆ ಇನ್ನೂ ತಿಳಿದಿರುವುದಿಲ್ಲ. ಕೆನಡಾದಲ್ಲಿ ನಡೆದ ಒಂದು ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಅಳಲಿ ಬಿಡಲಿ, ದಿನವೂ ಹೆಚ್ಚು ಹೊತ್ತು ಎತ್ತಿಕೊಂಡಿದ್ದ ಕೂಸುಗಳು ಆರನೆಯ ವಾರದಲ್ಲಿ ಉಳಿದವಕ್ಕಿಂತ ಶೇಕಡಾ 43ರಷ್ಟು ಕಡಿಮೆ ಅತ್ತವು. ವಿಪರೀತ ರಚ್ಚೆಯ ಕೂಸುಗಳಲ್ಲಿ ಮಾತ್ರ ಇದರಿಂದ ಅಂಥ ಇಳಿಕೆ ಕಾಣಲಿಲ್ಲ ಎಂದು ಅದೇ ತಂಡದವರ ಮುಂದಿನ ಪರೀಕ್ಷೆ ಹೇಳಿತು. ಚಿಕ್ಕಮ್ಮನಿಗೆ ನಾನು ಮೊದಲನೆಯದನ್ನಷ್ಟೇ ಓದಿ ಹೇಳಿದೆ.

ಎತ್ತಿಕೊಂಡು ನಿಂತರೆ ಸಾಲದು, ನಡೆಯಬೇಕು. ಈ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಜಗುಲಿ ಉದ್ದವಾಗಿದೆ. ಕೂಸಿನ ತಲೆಯನ್ನು ಭುಜಕ್ಕೆ ಆನಿಸಿಕೊಂಡು ಈ ತುದಿಯ ಕಂಬದಿಂದ ಆ ತುದಿಯ ಅಡಿಕೆ ಚೀಲದವರೆಗೆ ಹೋಗಿ ಬರುವುದು. ನಾಲ್ಕೈದು ಸುತ್ತಿಗೆ ಅಳು ಬಿಕ್ಕಾಗುತ್ತದೆ, ಬಿಕ್ಕು ನಿಟ್ಟುಸಿರಾಗುತ್ತದೆ, ಕೊನೆಗೆ ಭುಜದ ಮೇಲೆ ಜೊಲ್ಲು ಬಿಸಿಯಾಗಿ ಇಳಿಯುತ್ತದೆ. ತೊಟ್ಟಿಲಿಗೆ ಹಾಕಲು ಬಗ್ಗಿದಿರೋ, ಮತ್ತೆ ಶುರು. ಇದಕ್ಕೆ ಜಪಾನಿನವರು 2022ರಲ್ಲಿ ಒಂದು ದಾರಿ ಹೇಳಿದರು: ಐದು ನಿಮಿಷ ನಡೆಯಿರಿ, ನಿದ್ದೆ ಹತ್ತಿದ ಮೇಲೂ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕುಳಿತಿರಿ, ಆಮೇಲೆ ಮಲಗಿಸಿ. ಆ ಕುಳಿತುಕೊಳ್ಳುವ ಭಾಗವೇ ಕಷ್ಟ. ಕಾಲಿಗೆ ಜೋಮು ಹಿಡಿದಿರುತ್ತದೆ, ಕೆಮ್ಮು ಗಂಟಲಿಗೆ ಬಂದು ನಿಂತಿರುತ್ತದೆ, ಅಷ್ಟರಲ್ಲಿ ಯಾರೋ ಒಳಗಿನಿಂದ "ಮಲಗಿತಾ?" ಎಂದು ಜೋರಾಗಿ ಕೇಳುತ್ತಾರೆ.

ಮಗಳು ಮೊಬೈಲಿನಲ್ಲಿ ಮಳೆಯ ಸದ್ದು ಹಾಕುತ್ತಿದ್ದಳು. ಬೆಂಗಳೂರಿನಲ್ಲಿ ಅವಳ ಗೆಳತಿಯರ ಮಕ್ಕಳೆಲ್ಲ ಅದಕ್ಕೇ ಮಲಗುತ್ತವಂತೆ. ಹೊರಗೆ ಆಶ್ಲೇಷಾ ಮಳೆ ಹಂಚು ಒಡೆಯುವಂತೆ ಹೊಡೆಯುತ್ತಿದೆ, ಒಳಗೆ ಯಾವುದೋ ದೇಶದ ಮಳೆ ಮೊಬೈಲಿನಲ್ಲಿ ಸುರಿಯುತ್ತಿದೆ. ಎರಡು ದಿನ ಕರೆಂಟ್ ಹೋಗಿ ಮೊಬೈಲ್ ಸತ್ತ ಮೇಲೆ ಕೂಸು ಊರಿನ ಮಳೆಗೇ ಒಗ್ಗಿಕೊಂಡಿತು.

ಕೂಸು ಅತ್ತಾಗ ತಂದೆ ತಾಯಿ ಏನು ಮಾಡಬೇಕು ಎಂದು ಕೇಳುವವರು ತಂದೆ ತಾಯಿಯನ್ನಷ್ಟೇ ಏಕೆ ಕೇಳುತ್ತಾರೋ. ನಮ್ಮಲ್ಲಿ ಅಜ್ಜಿ, ಚಿಕ್ಕಮ್ಮ, ಎಣ್ಣೆ ಹಚ್ಚಿ ಮೀಯಿಸುವಾಕೆ, ಜಗುಲಿಯಲ್ಲಿ ನಾನು, ಇಷ್ಟು ಕೈಗಳಿದ್ದೂ ಎಲ್ಲರ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಶಿವಮೊಗ್ಗದ ವಿನೋಬನಗರದ ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದು, ಗಂಡನಿಗೆ ಬೆಳಿಗ್ಗೆ ಕೆಲಸವಿದ್ದರೆ ನಡುರಾತ್ರಿ ಎರಡು ಗಂಟೆಗೆ ಆ ಹುಡುಗಿ ಯಾರನ್ನು ಕರೆಯಬೇಕು? ಅವಳಿಗೆ ಉಪದೇಶ ಕಳಿಸುವುದಕ್ಕಿಂತ ಒಂದು ಡಬ್ಬಿ ಸಾರು ಅನ್ನ ತೆಗೆದುಕೊಂಡು ಹೋಗಿ, ಎರಡು ತಾಸು ಕೂಸನ್ನು ಹೊತ್ತು ಅವಳನ್ನು ಮಲಗಲು ಬಿಡಬೇಕು. ಯಾರೂ ಇಲ್ಲದೆ, ಸಿಟ್ಟು ನೆತ್ತಿಗೇರಿದರೆ, ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಹತ್ತು ನಿಮಿಷ ಹೊರಗೆ ಬಂದು ನಿಲ್ಲಲಿ. ಅತ್ತರೆ ಅಳಲಿ. ಹಿಡಿದು ಕುಲುಕುವುದು ಮಾತ್ರ ಎಂದಿಗೂ ಕೂಡದು, ಎಳೆಯ ಮಿದುಳಿನಲ್ಲಿ ರಕ್ತ ಸೋರುತ್ತದೆ.

ಮೂರು ತಿಂಗಳೊಳಗಿನ ಕೂಸಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಹಾಲು ಬಿಟ್ಟರೆ, ಹಸಿರು ವಾಂತಿಯಾದರೆ ಈ ಮಾತೆಲ್ಲ ಬದಿಗಿರಲಿ. ಶಿವಮೊಗ್ಗವೋ ಆಗುಂಬೆ ಘಾಟಿ ಇಳಿದು ಮಣಿಪಾಲವೋ, ಹೊರಟುಬಿಡಬೇಕು.

ಕೂಸಿಗೆ ಈಗ ಹತ್ತು ತಿಂಗಳು. ಮೊನ್ನೆ ಮಗಳೊಂದಿಗೆ ಬಂದಿತ್ತು. ಚಿಕ್ಕಮ್ಮ ಆಸೆಯಿಂದ ಎತ್ತಿಕೊಳ್ಳಲು ಹೋದರೆ ಕೊಸರಿಕೊಂಡು ಕೆಳಗಿಳಿದು, ಅಂಬೆಗಾಲಿಟ್ಟು ಅಡಿಕೆ ಚೀಲದ ಕಡೆಗೆ ಓಡುತ್ತದೆ. ಹಿಡಿದೆತ್ತಿದರೆ ಅಳು. ಚಿಕ್ಕಮ್ಮ ನನ್ನತ್ತ ತಿರುಗಿ, "ಎಳೆಯದರಲ್ಲಿ ಸರಿಯಾಗಿ ಎತ್ತಿ ಅಭ್ಯಾಸ ಮಾಡಿದ್ದರೆ ಹೀಗಾಗುತ್ತಿತ್ತಾ?" ಎಂದರು.